ಕೈಗಾದ ಹುಡುಗನಿಗೆ ಮಗಳನ್ನು ಕೊಡಬಹುದೇ?

ಪ್ರಶ್ನೆ: ನನ್ನ ಮಗಳು ಮಣಿಪಾಲದಲ್ಲಿ ಉದ್ಯೋಗದಲ್ಲಿದ್ದಾಳೆ. ಅವಳಿಗೆ ಒಳ್ಳೆಯ ಸಂಬಂಧವೊಂದು ಬಂದಿದೆ. ಹುಡುಗ ಎಂಟು ವರ್ಷಗಳಿಂದ ಕೈಗಾ ಅಣುಸ್ಥಾವರದಲ್ಲಿ ಕೆಲಸ ಮಾಡುತ್ತಿದ್ದಾನೆ. ಜಾತಕ ಕೂಡಿಬಂದಿದೆ, ಇಬ್ಬರಿಗೂ ಒಪ್ಪಿಗೆಯೂ ಆಗಿದೆ. ಆದರೆ ನನ್ನ ಗಂಡನ ಅಕ್ಕ, ‘ಅಲ್ಲಿ ಕೆಲಸ ಮಾಡುವವರ ಮೈಯಲ್ಲಿ ವಿಕಿರಣ ಸೇರಿಕೊಂಡಿರುತ್ತದೆ, ಹುಟ್ಟುವ ಮಕ್ಕಳಿಗೆ ಊನ ಬರುತ್ತದೆ’ ಎಂದು ಹಟ ಹಿಡಿದಿದ್ದಾರೆ. ಕಾರವಾರದ ಕಡೆಯ ನಮ್ಮ ನೆಂಟರೊಬ್ಬರಿಗೆ ಥೈರಾಯ್ಡ್ ಇದೆ, ಅದೂ ಕೈಗಾದಿಂದಲೇ ಬಂದದ್ದು ಎನ್ನುತ್ತಾರೆ. ಚೆರ್ನೋಬಿಲ್‌ನಲ್ಲಿ ಸತ್ತವರು ಮೂವತ್ತೊಂದು ಮಂದಿ ಎಂದು ಒಂದು ಕಡೆ ಓದಿದೆ, ಲಕ್ಷಾಂತರ ಎಂದು ಇನ್ನೊಂದು ಕಡೆ ಓದಿದೆ. ಯಾವುದು ನಿಜ? ಕೈಗಾದಲ್ಲಿ ಅಂಥದ್ದೇನಾದರೂ ನಡೆದರೆ ಉಡುಪಿಗೂ ತಟ್ಟುತ್ತದೆಯೇ? ಅಯೋಡಿನ್ ಮಾತ್ರೆ ಮನೆಯಲ್ಲಿ ಇಟ್ಟುಕೊಳ್ಳಬೇಕೇ? ಜಪಾನಿನವರು ಸಮುದ್ರಕ್ಕೆ ನೀರು ಬಿಟ್ಟ ಮೇಲೆ ಮೀನು ತಿನ್ನಬಹುದೇ?
— ಒಬ್ಬ ತಾಯಿ, ಬ್ರಹ್ಮಾವರ

ಉತ್ತರ: ಮೊದಲು ಮದುವೆಯ ವಿಷಯ. ಉಳಿದವು ಕಾಯಬಲ್ಲವು, ಮುಹೂರ್ತ ಕಾಯುವುದಿಲ್ಲ. ಹುಡುಗನ ಗುಣನಡತೆ ನಿಮ್ಮ ಮಗಳಿಗೆ ಹಿಡಿಸಿದ್ದರೆ, ಕೈಗಾ ಎಂಬ ಒಂದೇ ಕಾರಣಕ್ಕೆ ಈ ಸಂಬಂಧ ಬಿಡಬೇಡಿ. ಮಂಗಳೂರಿನ ಆಸ್ಪತ್ರೆಯ ವಿಕಿರಣ ಚಿಕಿತ್ಸಾ ವಿಭಾಗದಲ್ಲಿ ಭೌತವಿಜ್ಞಾನಿಯಾಗಿ ವೃತ್ತಿಜೀವನ ಕಳೆದವನು ನಾನು. ಆ ಹುಡುಗ ಎದೆಗೆ ಸಿಕ್ಕಿಸಿಕೊಳ್ಳುವಂಥದೇ, ತಗುಲಿದ ವಿಕಿರಣ ಅಳೆಯುವ ಬ್ಯಾಡ್ಜನ್ನು ನಾನೂ ಸಿಕ್ಕಿಸಿಕೊಂಡವನು. ನನಗೆ ಹೆಣ್ಣು ಕೊಡುವಾಗ ಯಾರೂ ಈ ಪ್ರಶ್ನೆ ಕೇಳಲಿಲ್ಲ. ಆಸ್ಪತ್ರೆ ಎಂದರೆ ಗೌರವ, ಅಣುಸ್ಥಾವರ ಎಂದರೆ ಗಾಬರಿ. ವಿಕಿರಣ ಎರಡು ಕಡೆಯೂ ಒಂದೇ.

ನಿಮ್ಮ ನಾದಿನಿಯವರ ಅನುಮಾನವನ್ನು ಜಗತ್ತು ಬಹಳ ಗಂಭೀರವಾಗಿಯೇ ಪರೀಕ್ಷಿಸಿದೆ. 1945ರಲ್ಲಿ ಹಿರೋಶಿಮಾ, ನಾಗಸಾಕಿಗಳಲ್ಲಿ ಬಾಂಬಿಗೆ ಸಿಕ್ಕಿ ಬದುಕುಳಿದವರಿಗೆ ಆಮೇಲೆ ಹುಟ್ಟಿದ ಸುಮಾರು 77,000 ಮಕ್ಕಳನ್ನು ದಶಕಗಟ್ಟಲೆ ಗಮನಿಸಲಾಗಿದೆ. ಅವರ ಹೆತ್ತವರಲ್ಲಿ ಕೆಲವರಿಗೆ ತಗುಲಿದ್ದು ಕೈಗಾದ ಕಾರ್ಮಿಕನೊಬ್ಬ ಇಡೀ ವೃತ್ತಿಜೀವನದಲ್ಲಿ ಪಡೆಯುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ವಿಕಿರಣ, ಅದೂ ಒಂದೇ ಕ್ಷಣದಲ್ಲಿ. ಆ ಮಕ್ಕಳಲ್ಲಿ ಹುಟ್ಟು ಊನಗಳಾಗಲಿ ಕ್ಯಾನ್ಸರ್ ಆಗಲಿ ಇತರ ಮಕ್ಕಳಿಗಿಂತ ಹೆಚ್ಚಿದ್ದದ್ದು ಕಾಣಲಿಲ್ಲ. 1986ರಲ್ಲಿ ಸ್ಫೋಟಿಸಿದ ಸೋವಿಯತ್ ಅಣುಸ್ಥಾವರ ಚೆರ್ನೋಬಿಲ್‌ನಲ್ಲಿ ಶುಚಿ ಕಾರ್ಯಕ್ಕೆ ಇಳಿದವರ ಮತ್ತು ಅಲ್ಲಿಂದ ತೆರವಾದವರ ಮಕ್ಕಳ ಜೀನುಗಳನ್ನು ಹೆತ್ತವರ ಜೀನುಗಳೊಂದಿಗೆ ಹೋಲಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಮಕ್ಕಳಿಗೆ ಹೆಚ್ಚುವರಿ ಜೀನ್ ಬದಲಾವಣೆಗಳು ದಾಟಿರಲಿಲ್ಲ. ಇಲ್ಲಿ ಒಂದು ಎಚ್ಚರಿಕೆ ಸೇರಿಸಲೇಬೇಕು. ಬಾಂಬು ಬಿದ್ದ ದಿನ ತಾಯಿಯ ಗರ್ಭದಲ್ಲಿದ್ದ ಶಿಶುಗಳ ಕಥೆ ಬೇರೆ. ಅದರಲ್ಲೂ ಎಂಟರಿಂದ ಹದಿನೈದು ವಾರಗಳ ಗರ್ಭಕ್ಕೆ ಭಾರೀ ವಿಕಿರಣ ತಗುಲಿದಾಗ ತಲೆ ಚಿಕ್ಕದಾಗಿ, ಬುದ್ಧಿಮಾಂದ್ಯ ಉಂಟಾದದ್ದು ನಿಜ. ಬಸುರಿಯಾದಾಗ ಎಕ್ಸ್‌ರೇ ಕೋಣೆಗೆ ಹೋಗುವ ಮುನ್ನ ಹೇಳಿ ಎಂದು ನಾವು ಗೋಡೆಯ ಮೇಲೆ ದೊಡ್ಡದಾಗಿ ಬರೆಸುವುದು ಅದಕ್ಕೇ. ತಂದೆಯ ಉದ್ಯೋಗಕ್ಕೂ ಇದಕ್ಕೂ ಸಂಬಂಧವಿಲ್ಲ.

‘ಮೈಯಲ್ಲಿ ಸೇರಿಕೊಂಡಿರುತ್ತದೆ’ ಎಂಬ ಮಾತನ್ನೂ ನೋಡೋಣ. ಬಿಸಿಲಿನಲ್ಲಿ ನಿಂತು ಬಂದವನ ಮೈ ಕಾದಿರಬಹುದು, ಆದರೆ ಅವನು ಬಿಸಿಲನ್ನು ಮನೆಯೊಳಗೆ ಹೊತ್ತು ತರುವುದಿಲ್ಲ. ಹೊರಗಿನಿಂದ ಬೀಳುವ ವಿಕಿರಣವೂ ಹಾಗೆಯೇ. ಹೊತ್ತು ತರುವ ಸಾಧ್ಯತೆ ಇರುವುದು ವಿಕಿರಣಶೀಲ ಧೂಳನ್ನು ಅಥವಾ ನೀರನ್ನು, ಬಟ್ಟೆಯ ಮೇಲೋ ಉಸಿರಿನೊಂದಿಗೋ. ಅದಕ್ಕಾಗಿಯೇ ಸ್ಥಾವರದಿಂದ ಹೊರಬರುವ ಬಾಗಿಲಲ್ಲಿ ಯಂತ್ರಗಳಿರುತ್ತವೆ, ಮೂತ್ರದ ಮಾದರಿಯನ್ನೂ ಆಗಾಗ ಪರೀಕ್ಷಿಸುತ್ತಾರೆ. ನಮ್ಮ ದೇಶದಲ್ಲಿ ವಿಕಿರಣ ಕಾರ್ಮಿಕನಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗುಲುವ ವಿಕಿರಣದ ಅಳತೆ), ಯಾವುದೇ ಒಂದು ವರ್ಷದಲ್ಲಿ 30 ಎಂಬ ಮಿತಿ ಇದೆ. ಯಾರು ಏನೂ ಮಾಡದೆ ಸುಮ್ಮನೆ ಕುಳಿತರೂ ನೆಲ, ಗಾಳಿ, ಆಕಾಶಗಳಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬೀಳುತ್ತಲೇ ಇರುತ್ತದೆ. ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಒಂದಕ್ಕೆ ಎಂಟು, ಹತ್ತು ಆಗುತ್ತದೆ. ಅಂದ ಹಾಗೆ, ‘ಏನೂ ಬೇಡ ಡಾಕ್ಟ್ರೇ, ಒಂದು ಸ್ಕ್ಯಾನ್ ಬರೆದುಬಿಡಿ’ ಎಂದು ಒತ್ತಾಯಿಸುವವರಲ್ಲಿ ಅಣುಸ್ಥಾವರದ ಹೆಸರು ಕೇಳಿದರೆ ನಡುಗುವವರೂ ಇರುತ್ತಾರೆ.

ನಮ್ಮದೇ ಕರಾವಳಿ ಇದಕ್ಕೆ ಇನ್ನೂ ದೊಡ್ಡ ಸಾಕ್ಷಿ. ಕೇರಳದ ಕರುನಾಗಪಳ್ಳಿಯ ಕಡಲತೀರದ ಮರಳಿನಲ್ಲಿ ವಿಕಿರಣಶೀಲ ಥೋರಿಯಂ ಇರುವ ಮೊನಾಜೈಟ್ ಖನಿಜ ಇದೆ. ಅಲ್ಲಿನ ಕೆಲವು ಮನೆಗಳವರಿಗೆ ವರ್ಷಕ್ಕೆ ಹತ್ತಾರು ಮಿಲಿಸೀವರ್ಟ್ ತಗುಲುತ್ತದೆ, ತಲೆತಲಾಂತರದಿಂದ. ಸುಮಾರು 70,000 ನಿವಾಸಿಗಳನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ ಅಧ್ಯಯನ 2009ರಲ್ಲಿ ಹೊರಬಂತು. ಹೆಚ್ಚು ವಿಕಿರಣದ ಮನೆಗಳಲ್ಲಿ ಕ್ಯಾನ್ಸರ್ ಹೆಚ್ಚೆಂದು ಅದರಲ್ಲಿ ಕಾಣಲಿಲ್ಲ. ಉಳ್ಳಾಲದ ತೀರದಲ್ಲೂ ಅಂಥ ಮರಳಿನ ಸಣ್ಣ ಪಟ್ಟಿ ಇರುವುದನ್ನು ಮಂಗಳೂರು ವಿಶ್ವವಿದ್ಯಾಲಯದ ವಿಜ್ಞಾನಿಗಳು ತೊಂಬತ್ತರ ದಶಕದಲ್ಲೇ ವರದಿ ಮಾಡಿದ್ದಾರೆ. ಉಳ್ಳಾಲದ ಹುಡುಗರಿಗೆ ಹೆಣ್ಣು ಸಿಗದೆ ಹೋದದ್ದನ್ನು ನಾನಂತೂ ಕೇಳಿಲ್ಲ.

ಮಕ್ಕಳ ಊನದ ಬಗ್ಗೆ ನಿಜವಾದ ಕಾಳಜಿ ಇದ್ದರೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಹುಡುಗ ಹುಡುಗಿಯರಿಗೆ ರಕ್ತಸಂಬಂಧ ಇದೆಯೇ? ಎಲ್ಲಿಯೇ ಆಗಲಿ, ನೂರು ಹೆರಿಗೆಗಳಲ್ಲಿ ಸುಮಾರು ಮೂರರಲ್ಲಿ ಏನಾದರೊಂದು ಹುಟ್ಟು ದೋಷ ಇದ್ದೇ ಇರುತ್ತದೆ. ಸೋದರಮಾವನ ಮಗಳನ್ನೋ ಸೋದರತ್ತೆಯ ಮಗನನ್ನೋ ತಂದುಕೊಂಡರೆ ಆ ಸಂಖ್ಯೆಗೆ ಇನ್ನೂ ಎರಡು, ಮೂರು ಸೇರುತ್ತದೆ. ಕೈಗಾದ ಹುಡುಗ ಬೇಡವೆನ್ನುವ ಹಿರಿಯರು ಎಷ್ಟೋ ಸಲ ‘ನಮ್ಮವರೇ’ ಎಂದು ಅಂಥ ಸಂಬಂಧವನ್ನು ಮುಂದಿಡುತ್ತಾರೆ. ನಿಮ್ಮ ನಾದಿನಿಯವರ ಮನಸ್ಸಿನಲ್ಲಿ ಬೇರೆ ವರ ಇದ್ದಾನೋ ಏನೋ, ನನಗೆ ತಿಳಿಯದು. ಸುಮ್ಮನೆ ಹೇಳಿದೆ. ಅಷ್ಟಾಗಿಯೂ ಸಮಾಧಾನವಾಗದಿದ್ದರೆ ಹುಡುಗನನ್ನೇ ಕೇಳಿ. ಅವನಿಗೆ ತಗುಲಿದ ವಿಕಿರಣದ ಲೆಕ್ಕವೆಲ್ಲ ಅವನ ಹೆಸರಿನಲ್ಲಿ ದಾಖಲಾಗಿರುತ್ತದೆ. ಬ್ಯಾಂಕಿನ ಕ್ಲಾರ್ಕಿಗೋ ದುಬೈನಲ್ಲಿರುವವನಿಗೋ ಅಂಥ ಆರೋಗ್ಯದ ದಾಖಲೆ ಇರುವುದಿಲ್ಲ.

ನೆಂಟರ ಥೈರಾಯ್ಡ್‌ನ ಬಗ್ಗೆ ಉದ್ದ ಮಾತು ಬೇಡ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ತೆಗೆದುಕೊಳ್ಳುವ ಥೈರಾಯ್ಡ್ ಕೊರತೆ ದೇಶದ ಎಲ್ಲ ಊರುಗಳಲ್ಲೂ ಇದೆ, ಹೆಂಗಸರಲ್ಲಿ ಬಹಳ ಹೆಚ್ಚು. ಬಹುಪಾಲು ಪ್ರಕರಣಗಳಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬಿದ್ದಿರುತ್ತದೆ. ಅಣು ಅಪಘಾತದಿಂದ ಬರುವುದು ಥೈರಾಯ್ಡ್ ಕ್ಯಾನ್ಸರ್, ಅದೂ ಮುಖ್ಯವಾಗಿ ಮಕ್ಕಳಿಗೆ. ಹೆಸರು ಒಂದೇ ಆದದ್ದರಿಂದ ಗೊಂದಲವಾಗುತ್ತದೆ, ಅಷ್ಟೆ.

ಇನ್ನು ಚೆರ್ನೋಬಿಲ್‌ನ ಲೆಕ್ಕ. ನೀವು ಓದಿದ ಎರಡೂ ಕಡೆ ಎಣಿಸಿದ್ದು ಬೇರೆ ಬೇರೆ ಸಾವುಗಳನ್ನು. ಹಾಗಾಗಿ ಒಬ್ಬರು ಸುಳ್ಳರು, ಇನ್ನೊಬ್ಬರು ಸತ್ಯವಂತರು ಎಂದು ತೀರ್ಪು ಕೊಡಲು ಹೋಗಬೇಡಿ.

1986ರ ಏಪ್ರಿಲ್ 26ರ ನಡುರಾತ್ರಿ ಕಳೆದ ಮೇಲೆ ನಾಲ್ಕನೆಯ ರಿಯಾಕ್ಟರ್ ಸ್ಫೋಟಿಸಿತು. ಸ್ಫೋಟದ ಪೆಟ್ಟಿನಿಂದ ಇಬ್ಬರು ಕೆಲವೇ ಗಂಟೆಗಳೊಳಗೆ ತೀರಿಕೊಂಡರು. ಬೆಂಕಿ ಆರಿಸಲು ಹೋದವರು ಮತ್ತು ಸ್ಥಾವರದ ಸಿಬ್ಬಂದಿ ಸೇರಿ 134 ಮಂದಿಗೆ ತೀವ್ರ ವಿಕಿರಣ ಕಾಯಿಲೆ ಎಂದು ಖಚಿತವಾಯಿತು. ಅವರಲ್ಲಿ 28 ಮಂದಿ ಕೆಲವೇ ತಿಂಗಳುಗಳಲ್ಲಿ ಸತ್ತರು. ಇವು ಹೆಸರು ಹಿಡಿದು ಹೇಳಬಹುದಾದ ಸಾವುಗಳು. ಮೂವತ್ತು, ಮೂವತ್ತೊಂದು ಎಂಬ ಸಂಖ್ಯೆ ಬಂದದ್ದು ಇಲ್ಲಿಂದ. ಇಷ್ಟಕ್ಕೇ ಲೆಕ್ಕ ಮುಚ್ಚುವವರು ಅರ್ಧ ಪುಟ ಓದಿ ಪುಸ್ತಕ ಮಡಚಿದವರು.

ಎರಡನೆಯದು ಹೆಸರು ಹೇಳಲಾಗದ, ಆದರೆ ಗುಂಪಿನಲ್ಲಿ ಎಣಿಸಿ ತೋರಿಸಬಹುದಾದ ಹಾನಿ. ಅಪಘಾತದ ವೇಳೆ ಹದಿನೆಂಟು ತುಂಬದವರಲ್ಲಿ, ಬೆಲಾರುಸ್, ಉಕ್ರೇನ್ ಮತ್ತು ರಷ್ಯಾದ ಹೆಚ್ಚು ಬಾಧಿತ ಪ್ರದೇಶಗಳಲ್ಲಿ, 1991ರಿಂದ 2015ರ ನಡುವೆ 19,000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್‌ಗಳು ಪತ್ತೆಯಾದವು. ಅವುಗಳಲ್ಲಿ ಸುಮಾರು ಕಾಲು ಭಾಗಕ್ಕೆ ವಿಕಿರಣವೇ ಕಾರಣ ಎಂದು ವಿಶ್ವಸಂಸ್ಥೆಯ ವಿಕಿರಣ ಸಮಿತಿಯ ಅಂದಾಜು. ಉಳಿದವು ವಯಸ್ಸಾದಂತೆ ತಾನಾಗಿ ಬಂದವು ಮತ್ತು ಹುಡುಕಿದ್ದರಿಂದ ಸಿಕ್ಕವು. ಅದೃಷ್ಟಕ್ಕೆ ಇದು ಸಾಮಾನ್ಯವಾಗಿ ಗುಣವಾಗುವ ಕ್ಯಾನ್ಸರ್. ಸತ್ತವರು ಕಡಿಮೆ, ಆದರೆ ಕುತ್ತಿಗೆಯ ಮೇಲೆ ಗಾಯದ ಗೆರೆ ಹೊತ್ತು, ಜೀವನವಿಡೀ ಮಾತ್ರೆ ನುಂಗುತ್ತ ಬದುಕುತ್ತಿರುವವರು ಸಾವಿರಾರು. ಶುಚಿ ಕಾರ್ಯದವರಲ್ಲಿ ರಕ್ತದ ಕ್ಯಾನ್ಸರ್ ಮತ್ತು ಕಣ್ಣಿನ ಪೊರೆ ಹೆಚ್ಚಿದ್ದೂ ದಾಖಲಾಗಿದೆ.

ಮೂರನೆಯದು ಕಾಗದದ ಮೇಲೆ ಗುಣಿಸಿ ತೆಗೆದ ಸಾವುಗಳು. ಜಗಳವೆಲ್ಲ ಇಲ್ಲಿಯೇ. ಹೆಚ್ಚು ವಿಕಿರಣಕ್ಕೆ ಸಿಕ್ಕವರಲ್ಲಿ ಕ್ಯಾನ್ಸರ್ ಎಷ್ಟು ಹೆಚ್ಚುತ್ತದೆ ಎಂಬುದು ಹಿರೋಶಿಮಾದಿಂದ ಗೊತ್ತು. ಅದೇ ಅನುಪಾತ ಅತಿ ಸಣ್ಣ ಪ್ರಮಾಣಕ್ಕೂ ಅನ್ವಯಿಸುತ್ತದೆ ಎಂದು ಭಾವಿಸಿ, ಸಣ್ಣ ಪ್ರಮಾಣವನ್ನು ಕೋಟಿಗಟ್ಟಲೆ ಜನರಿಂದ ಗುಣಿಸಿದರೆ ದೊಡ್ಡ ಸಂಖ್ಯೆ ಬರುತ್ತದೆ. ಹೆಚ್ಚು ಬಾಧಿತರಾದ ಸುಮಾರು ಆರು ಲಕ್ಷ ಜನರನ್ನು ಮಾತ್ರ ತೆಗೆದುಕೊಂಡ 2005ರ ಅಂತರರಾಷ್ಟ್ರೀಯ ವರದಿ ‘ಕೊನೆಗೆ ನಾಲ್ಕು ಸಾವಿರದವರೆಗೆ’ ಎಂದಿತು. ಇನ್ನಷ್ಟು ವಿಶಾಲ ಪ್ರದೇಶ ಸೇರಿಸಿದಾಗ ಒಂಬತ್ತು ಸಾವಿರ ಆಯಿತು. ಇಡೀ ಯುರೋಪನ್ನೂ ಅದರಾಚೆಯನ್ನೂ ಸೇರಿಸಿದ ಕೆಲವರು ಮೂವತ್ತರಿಂದ ಅರವತ್ತು ಸಾವಿರ ಎಂದರು. ಈ ಸಾವುಗಳನ್ನು ಯಾರೂ ಬೆರಳಿಟ್ಟು ತೋರಿಸಲಾರರು. ಆ ಆರು ಲಕ್ಷ ಜನರಲ್ಲಿ ಅಪಘಾತ ಆಗದಿದ್ದರೂ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಕ್ಯಾನ್ಸರ್‌ನಿಂದಲೇ ಸಾಯುವವರು. ಅದರ ಮೇಲೆ ಬಿದ್ದ ನಾಲ್ಕು ಸಾವಿರ ಎಣಿಕೆಯ ಏರುಪೇರಿನಲ್ಲಿ ಮುಳುಗಿಹೋಗುತ್ತದೆ. ತೋರಿಸಲಾಗದು ಎಂದಾಕ್ಷಣ ಇಲ್ಲವೆಂದಲ್ಲ. ಆದರೆ ಲಕ್ಷಾಂತರ ಎಂದು ಅಬ್ಬರಿಸುವವರ ಕೈಯಲ್ಲಿ ಗಟ್ಟಿಯಾದ ಆಧಾರ ನನಗಂತೂ ಕಂಡಿಲ್ಲ. ಹಿರೋಶಿಮಾ, ನಾಗಸಾಕಿಗಳಲ್ಲಿ ಬದುಕುಳಿದ ಸುಮಾರು 86,000 ಮಂದಿಯಲ್ಲಿ 1950ರಿಂದ 2003ರವರೆಗೆ ಗಡ್ಡೆಯ ಕ್ಯಾನ್ಸರ್‌ಗಳಿಂದ ಸತ್ತವರು ಹತ್ತಿರಹತ್ತಿರ ಹನ್ನೊಂದು ಸಾವಿರ. ಅದರಲ್ಲಿ ವಿಕಿರಣದ ಪಾಲು ಐನೂರರ ಆಸುಪಾಸು. ಈ ಅಂಕಿ ಕೇಳಿದವರೆಲ್ಲ ‘ಬರೇ ಅಷ್ಟೆಯೇ?’ ಎನ್ನುತ್ತಾರೆ. ಐನೂರು ಜೀವ ಕಡಿಮೆಯೇನಲ್ಲ. ನಮ್ಮ ಕಲ್ಪನೆ ಅದಕ್ಕಿಂತ ಬಹಳ ಮುಂದೆ ಓಡಿಬಿಟ್ಟಿದೆ.

ಆ ಮಕ್ಕಳಿಗೆ ಥೈರಾಯ್ಡ್ ಕ್ಯಾನ್ಸರ್ ಬಂದದ್ದು ಹೇಗೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಉಳಿದ ಪ್ರಶ್ನೆಗಳ ಉತ್ತರ ಅದರಲ್ಲೇ ಇದೆ. ಕಾರಣ ಹಾಲು. ರಿಯಾಕ್ಟರಿನಿಂದ ಹಾರಿದ ವಿಕಿರಣಶೀಲ ಅಯೋಡಿನ್-131 ಗಾಳಿಯಲ್ಲಿ ಸಾಗಿ ಹುಲ್ಲಿನ ಮೇಲೆ ಬಿತ್ತು. ಹುಲ್ಲು ಮೇಯ್ದ ಹಸುವಿನ ಹಾಲಿಗೆ ಬಂತು. ಹಾಲು ಕುಡಿದ ಮಗುವಿನ ಕುತ್ತಿಗೆಯ ಪುಟ್ಟ ಗ್ರಂಥಿಯಲ್ಲಿ ಸೇರಿ ಕುಳಿತಿತು. ಅಲ್ಲಿನ ಹಳ್ಳಿಗಳಲ್ಲಿ ಊಟದಲ್ಲೇ ಅಯೋಡಿನ್ ಕೊರತೆ ಇದ್ದದ್ದರಿಂದ ಗ್ರಂಥಿ ಸಿಕ್ಕಿದ್ದನ್ನೆಲ್ಲ ಹೀರಿಕೊಂಡಿತು. ಈ ಅಯೋಡಿನ್ ಎಂಟು ದಿನಗಳಿಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಎರಡು, ಮೂರು ತಿಂಗಳು ಆ ಹಾಲನ್ನು ಮಕ್ಕಳಿಗೆ ಕೊಡದಿದ್ದರೆ ಸಾಕಿತ್ತು, ಬಹುಪಾಲು ಕ್ಯಾನ್ಸರ್‌ಗಳು ಬರುತ್ತಲೇ ಇರಲಿಲ್ಲ. ಅದು ಆಗಲೇ ತಿಳಿದಿದ್ದ ವಿಷಯ. 1957ರಲ್ಲಿ ಇಂಗ್ಲೆಂಡಿನ ವಿಂಡ್‌ಸ್ಕೇಲ್‌ನಲ್ಲಿ ಬೆಂಕಿ ಬಿದ್ದಾಗ ಸುತ್ತಲಿನ ಐನೂರು ಚದರ ಕಿಲೋಮೀಟರ್ ಪ್ರದೇಶದ ಹಾಲನ್ನು ಚೆಲ್ಲಿಸಿದ್ದರು. ಸೋವಿಯತ್ ಸರ್ಕಾರ ಬಾಯಿ ಬಿಡಲಿಲ್ಲ. ಪಕ್ಕದ ಪ್ರಿಪ್ಯಾತ್ ಪಟ್ಟಣದವರನ್ನು ಒಂದೂವರೆ ದಿನದ ನಂತರ ಬಸ್ಸು ಹತ್ತಿಸಿದರು. ಜಗತ್ತಿಗೆ ಸುದ್ದಿ ತಿಳಿದದ್ದು ಏಪ್ರಿಲ್ 28ರಂದು ಸ್ವೀಡನ್ನಿನ ಅಣುಸ್ಥಾವರವೊಂದರ ಉಪಕರಣಗಳು ಎಚ್ಚರಿಸಿದ ಮೇಲೆ. ಮೇ ಒಂದರಂದು ಕೀವ್ ನಗರದಲ್ಲಿ ಮೆರವಣಿಗೆಯೂ ನಡೆಯಿತು. ದೂರದ ಹಳ್ಳಿಗಳ ತಾಯಂದಿರು ಎಂದಿನಂತೆ ಹಾಲು ಕರೆದು ಮಕ್ಕಳಿಗೆ ಕೊಟ್ಟರು. ಅದೇ ಹೊತ್ತಿನಲ್ಲಿ ಪೋಲೆಂಡ್ ಕೆಲವೇ ದಿನಗಳಲ್ಲಿ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಅಯೋಡಿನ್ ಕುಡಿಸಿತು, ಹಸುಗಳನ್ನು ಮೇಯಲು ಬಿಡಬೇಡಿ ಎಂದಿತು, ಹಾಲಿನ ಪುಡಿ ಹಂಚಿತು.

ವಿಕಿರಣದ ಜೊತೆಜೊತೆಗೇ ಭಯವೂ ಹರಡಿತು. ಅದು ಮಾಡಿದ ಹಾನಿಯನ್ನು ಎಣಿಸಲು ಹೋದವರು ಕಡಿಮೆ. ಗ್ರೀಸ್ ದೇಶ ಚೆರ್ನೋಬಿಲ್‌ನಿಂದ ಸಾವಿರ ಕಿಲೋಮೀಟರಿಗೂ ಆಚೆ ಇದೆ. ಅಲ್ಲಿನವರಿಗೆ ಮೊದಲ ವರ್ಷ ತಗುಲಿದ್ದು ಒಂದು ಮಿಲಿಸೀವರ್ಟ್‌ಗಿಂತ ಕಡಿಮೆ. ಆದರೂ ಗಾಬರಿ ಎಷ್ಟಿತ್ತೆಂದರೆ, ವೈದ್ಯರಲ್ಲೇ ಕೆಲವರು ಗರ್ಭ ತೆಗೆಸಲು ಸಲಹೆ ಕೊಟ್ಟರು. ಬೇಕೆಂದು ಬಸುರಾಗಿದ್ದ ಸುಮಾರು 2,500 ಹೆಂಗಸರು ಗರ್ಭ ತೆಗೆಸಿಕೊಂಡರು ಎಂದು 1987ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ನಿಮ್ಮ ನಾದಿನಿಯವರು ಹೇಳಿದ ಮಾತೇ ಅಲ್ಲಿಯೂ ಹರಿದಾಡಿದ್ದು: ಮಗುವಿಗೆ ಊನ ಬರುತ್ತದೆ. ಎಸ್ಟೋನಿಯಾದಿಂದ ಶುಚಿ ಕಾರ್ಯಕ್ಕೆ ಕಳುಹಿಸಿದ್ದ ಸುಮಾರು 4,800 ಗಂಡಸರನ್ನು ವರ್ಷಗಟ್ಟಲೆ ಗಮನಿಸಿದಾಗ ಅವರಲ್ಲಿ ಸ್ಪಷ್ಟವಾಗಿ ಹೆಚ್ಚಾಗಿ ಕಂಡದ್ದು ಆತ್ಮಹತ್ಯೆ.

ಜಪಾನಿನ ಫುಕುಶಿಮಾ ಅಣುಸ್ಥಾವರದ ದುರಂತದಲ್ಲಿ ಇದು ಇನ್ನೂ ಸ್ಪಷ್ಟ. 2011ರ ಮಾರ್ಚ್ 11ರ ಭೂಕಂಪ, ಸುನಾಮಿಯ ನಂತರ ಮೂರು ರಿಯಾಕ್ಟರುಗಳು ಕರಗಿದವು. ತೀವ್ರ ವಿಕಿರಣ ಕಾಯಿಲೆಯಿಂದ ಒಬ್ಬರೂ ಸಾಯಲಿಲ್ಲ. ಮುಂದೆ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡ ಒಬ್ಬ ಕಾರ್ಮಿಕನ ಸಾವಿಗೆ 2018ರಲ್ಲಿ ಸರ್ಕಾರ ವಿಕಿರಣವನ್ನು ಕಾರಣವೆಂದು ಒಪ್ಪಿ ಪರಿಹಾರ ಕೊಟ್ಟಿತು. ಆದರೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಆಸ್ಪತ್ರೆ, ವೃದ್ಧಾಶ್ರಮಗಳಿಂದ ಹಾಸಿಗೆ ಹಿಡಿದ ಮುದುಕರನ್ನು ವೈದ್ಯರಿಲ್ಲದೆ, ಔಷಧಿ ಇಲ್ಲದೆ ಬಸ್ಸುಗಳಲ್ಲಿ ಗಂಟೆಗಟ್ಟಲೆ ಸಾಗಿಸಿದರು. ಹತ್ತಾರು ಮಂದಿ ದಾರಿಯಲ್ಲೋ ತಲುಪಿದ ಕೂಡಲೋ ಸತ್ತರು. ಸ್ಥಳಾಂತರ, ಔಷಧೋಪಚಾರ ತಪ್ಪಿದ್ದು, ಒಂಟಿತನ, ಕುಡಿತ, ಆತ್ಮಹತ್ಯೆ, ಎಲ್ಲ ಸೇರಿ ದುರಂತ ಸಂಬಂಧಿ ಸಾವುಗಳೆಂದು ಆ ಪ್ರಾಂತ್ಯ ಒಪ್ಪಿದ ಸಂಖ್ಯೆ 2,300 ದಾಟಿದೆ. ಅದೇ ಪ್ರಾಂತ್ಯದಲ್ಲಿ ನೇರವಾಗಿ ಭೂಕಂಪ, ಸುನಾಮಿಗೆ ಬಲಿಯಾದವರಿಗಿಂತ ಇದು ಹೆಚ್ಚು. ಫುಕುಶಿಮಾದಿಂದ ಬೇರೆ ಊರಿನ ಶಾಲೆಗೆ ಸೇರಿದ ಹುಡುಗನೊಬ್ಬನನ್ನು ಸಹಪಾಠಿಗಳು ‘ಕ್ರಿಮಿ’ ಎಂದು ಕರೆದು, ಹೆದರಿಸಿ ಹಣ ಕಿತ್ತ ಪ್ರಕರಣ 2016ರಲ್ಲಿ ಜಪಾನನ್ನು ನಾಚಿಸಿತು. ಹಿರೋಶಿಮಾದಿಂದ ಬದುಕಿ ಬಂದ ಹೆಣ್ಣುಮಕ್ಕಳು ಮದುವೆಯ ಮಾತು ಬಂದಾಗ ಊರಿನ ಹೆಸರನ್ನೇ ಮುಚ್ಚಿಡುತ್ತಿದ್ದರು. ನಿಮ್ಮ ಪತ್ರ ಓದಿದಾಗ ನನಗೆ ನೆನಪಾದದ್ದು ಅವರು.

ವಿಕಿರಣದ ಹೆಸರಿನಲ್ಲಿ ನಿಜವಾಗಿ ಹೆದರಬೇಕಾದದ್ದು ಗುಜರಿ ಅಂಗಡಿಗೆ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಪಾಳುಬಿದ್ದ ಚಿಕಿತ್ಸಾಲಯದ, ವಿಕಿರಣಶೀಲ ಸೀಸಿಯಂ ಇದ್ದ ಉಪಕರಣ ಗುಜರಿಗೆ ಹೋಗಿ, ಒಡೆದು, ನಾಲ್ವರು ಸತ್ತರು. ಒಂದು ಲಕ್ಷಕ್ಕೂ ಹೆಚ್ಚು ಜನ ಪರೀಕ್ಷೆಗೆ ಸಾಲುನಿಂತರು. 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ, ಪ್ರಯೋಗಾಲಯದ ಹಳೆಯ ಯಂತ್ರದೊಳಗಿನ ಕೋಬಾಲ್ಟ್-60 ಗುಜರಿ ಸೇರಿ ಒಬ್ಬ ಕಾರ್ಮಿಕ ತೀರಿಕೊಂಡ. ನಮ್ಮ ಆಸ್ಪತ್ರೆಗಳ ಹಳೆಯ ಯಂತ್ರಗಳು ಎಲ್ಲಿ ಹೋಗುತ್ತವೆ ಎಂದು ಮದುವೆ ಮಾತುಕತೆಯಲ್ಲಿ ಯಾರೂ ಕೇಳುವುದಿಲ್ಲ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ, ಹೆದರುವವರೆಲ್ಲ ಅಜ್ಞಾನಿಗಳು ಎನ್ನುವ ಕೆಲವು ವಿಜ್ಞಾನಿಗಳ ಸಾಲಿನಲ್ಲಿ ನನ್ನನ್ನು ನಿಲ್ಲಿಸಬೇಡಿ. ನಮ್ಮ ಜಿಲ್ಲೆಗಳ ಜನಕ್ಕೆ ಕಣ್ಣಿಗೆ ಕಾಣದ ವಿಷ ಯಾವುದೆಂದು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿದ ವರ್ಷಗಳು, ಕೊಕ್ಕಡ, ಪಟ್ರಮೆಗಳ ಮನೆಗಳಲ್ಲಿ ಮಲಗಿದಲ್ಲೇ ಬೆಳೆದ ಮಕ್ಕಳು, ‘ಏನೂ ಆಗುವುದಿಲ್ಲ’ ಎಂದ ಅಧಿಕಾರಿಗಳು, ಎಲ್ಲವೂ ಇನ್ನೂ ನೆನಪಿನಲ್ಲಿವೆ. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರಲ್ಲಿ. ಹಾಗೆ ಸುಟ್ಟುಕೊಂಡವರಿಗೆ ಕೈಗಾದ ‘ಏನೂ ಆಗುವುದಿಲ್ಲ’ವೂ ಅದೇ ದನಿಯಲ್ಲಿ ಕೇಳಿಸಿದರೆ ತಪ್ಪೇನು? ಕೈಗಾದ ಚರಿತ್ರೆಯಲ್ಲೂ ಮುಚ್ಚಿಡಲಾಗದ ಎರಡು ಘಟನೆಗಳಿವೆ. 1994ರ ಮೇ ತಿಂಗಳಲ್ಲಿ, ಇಂಧನ ತುಂಬುವುದಕ್ಕೂ ಮೊದಲೇ, ಕಟ್ಟುತ್ತಿದ್ದ ಗುಮ್ಮಟದ ಒಳಮೈಯ ಕಾಂಕ್ರೀಟ್ ಕಳಚಿ ಬಿತ್ತು, ಕಾರ್ಮಿಕರು ಗಾಯಗೊಂಡರು. ಆಮೇಲೆ ವಿನ್ಯಾಸ ಬದಲಿಸಿ ಹೊಸದಾಗಿ ಕಟ್ಟಿದರು. 2009ರ ನವೆಂಬರ್‌ನಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ (ಜಲಜನಕದ ವಿಕಿರಣಶೀಲ ರೂಪ) ಇರುವ, ರಿಯಾಕ್ಟರಿನಲ್ಲಿ ಬಳಸುವ ಭಾರಜಲ ಸೇರಿದ್ದು ಪತ್ತೆಯಾಯಿತು. ಯಾರೋ ಬೇಕೆಂದೇ ಬೆರೆಸಿದ್ದಾರೆಂದು ಅಧಿಕಾರಿಗಳೇ ಹೇಳಿದರು. ಐವತ್ತಕ್ಕೂ ಹೆಚ್ಚು ಸಿಬ್ಬಂದಿಯ ಮೂತ್ರದಲ್ಲಿ ಟ್ರಿಟಿಯಂ ಕಂಡಿತು. ಬಹುಪಾಲು ಜನರಿಗೆ ತಗುಲಿದ್ದು ವಾರ್ಷಿಕ ಮಿತಿಯ ಒಳಗೇ, ಟ್ರಿಟಿಯಂ ಕೂಡ ಹತ್ತು ದಿನಗಳಿಗೊಮ್ಮೆ ಅರ್ಧದಷ್ಟು ದೇಹದಿಂದ ಹೊರಹೋಗುತ್ತದೆ. ಆದರೆ ಅದು ಪತ್ತೆಯಾದದ್ದು ವಾಡಿಕೆಯ ಮೂತ್ರ ಪರೀಕ್ಷೆಯಿಂದ ಎಂಬುದನ್ನು ಗಮನಿಸಿ. ಪರೀಕ್ಷೆ ಇಲ್ಲದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ನಿಮ್ಮ ನೆರೆಯ ಕೋಟದವರೇ ಆದ ಶಿವರಾಮ ಕಾರಂತರು ಮುಪ್ಪಿನಲ್ಲಿ ಕೈಗಾ ಯೋಜನೆಯ ವಿರುದ್ಧ ನಿಂತು, 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೂ ಸ್ಪರ್ಧಿಸಿದ್ದರು. ಕಾಡು, ಕಾಳಿ ನದಿ, ಭೂಕಂಪ, ಅಣುತ್ಯಾಜ್ಯ, ಖರ್ಚು, ಇವುಗಳ ಬಗ್ಗೆ ತಕರಾರು ಎತ್ತಲು ನಾಗರಿಕರಿಗೆ ಪೂರ್ತಿ ಹಕ್ಕಿದೆ, ಈಗಲೂ ಇದೆ. ಆ ತಕರಾರು ಸ್ಥಾವರದ ಬಾಗಿಲಿಗೆ ಹೋಗಲಿ, ಅಲ್ಲಿ ಸಂಬಳಕ್ಕೆ ದುಡಿಯುವ ಹುಡುಗನ ಮನೆಬಾಗಿಲಿಗೆ ಬೇಡ.

ಕೈಗಾದಲ್ಲಿ ದೊಡ್ಡ ಅಪಘಾತವಾದರೆ ಉಡುಪಿಗೆ ಏನಾಗುತ್ತದೆ? ನೇರ ಗೆರೆಯಲ್ಲಿ ಅಂತರ ಸುಮಾರು 170 ಕಿಲೋಮೀಟರ್, ಮಂಗಳೂರಿಗೆ ಸುಮಾರು 220. ಚೆರ್ನೋಬಿಲ್‌ನ ರಿಯಾಕ್ಟರಿಗೆ ಗಟ್ಟಿಯಾದ ಹೊರಕವಚವೇ ಇರಲಿಲ್ಲ, ಒಳಗಿದ್ದ ಟನ್ನುಗಟ್ಟಲೆ ಗ್ರಾಫೈಟ್ ದಿನಗಟ್ಟಲೆ ಉರಿಯಿತು. ಕೈಗಾದವು ಭಾರಜಲದ ರಿಯಾಕ್ಟರುಗಳು, ಸುತ್ತ ಎರಡು ಪದರಗಳ ಕಾಂಕ್ರೀಟ್ ಕವಚವಿದೆ. ಹಾಗಾಗಿ ಅದೇ ರೀತಿಯ ಅಪಘಾತ ಅಲ್ಲಿ ಆಗಲಾರದು. ಬೇರೆ ರೀತಿಯದು ಆಗಲೇಬಾರದೆಂದೇನೂ ಇಲ್ಲ, ಫುಕುಶಿಮಾದ ರಿಯಾಕ್ಟರುಗಳಿಗೂ ಕವಚವಿತ್ತು. ಅತಿ ಕೆಟ್ಟದ್ದೇ ನಡೆದರೂ ಇಷ್ಟು ದೂರದಲ್ಲಿ ಯಾರಿಗೂ ತೀವ್ರ ವಿಕಿರಣ ಕಾಯಿಲೆ ಬರುವುದಿಲ್ಲ. ಬರಬಹುದಾದದ್ದು ಹಾಲಿನ ಸಮಸ್ಯೆ. ಗಾಳಿ ಈ ಕಡೆಗಿದ್ದು, ಅದೇ ಹೊತ್ತಿಗೆ ಮಳೆ ಸುರಿದರೆ, ಮೋಡದಲ್ಲಿದ್ದದ್ದು ಹುಲ್ಲಿಗೆ, ಸೊಪ್ಪಿಗೆ ಇಳಿಯುತ್ತದೆ. ಚೆರ್ನೋಬಿಲ್‌ನಿಂದ ನೂರಾರು ಕಿಲೋಮೀಟರ್ ಆಚೆಯ ಕೆಲವು ಜಿಲ್ಲೆಗಳು ಹೆಚ್ಚು ಕಲುಷಿತವಾದದ್ದು, ಅಲ್ಲಿಗಿಂತ ಹತ್ತಿರದ ಕೆಲವು ಪಾರಾದದ್ದು ಮಳೆಯಿಂದಲೇ. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಊರಿನವರು ಇದನ್ನು ತಿಳಿದಿರಬೇಕು. ಅಂಥ ದಿನ ಬಂದರೆ ಮಾಡಬೇಕಾದದ್ದು ಇಷ್ಟು: ಒಂದೆರಡು ದಿನ ಮನೆಯೊಳಗಿರಿ. ಹಟ್ಟಿಯ ಹಸುಗಳಿಗೆ ಒಳಗಿಟ್ಟ ಒಣಹುಲ್ಲು ಕೊಡಿ. ಮಕ್ಕಳಿಗೆ ಹಳೆಯ ದಾಸ್ತಾನಿನ ಹಾಲಿನ ಪುಡಿ ಕೊಡಿ. ಹಿತ್ತಲಿನ ಹರಿವೆ, ಬಸಳೆ ಕೊಯ್ಯಬೇಡಿ. ಎಲ್ಲರೂ ಕಾರು ಹತ್ತಿ ಹೆದ್ದಾರಿ 66ಕ್ಕೆ ನುಗ್ಗಿದರೆ ಆ ನೂಕುನುಗ್ಗಲಿನಲ್ಲಿ ಸಾಯುವವರೇ ಹೆಚ್ಚಾದಾರು.

ಇದೆಲ್ಲ ನಡೆಯಬೇಕಾದರೆ ಹೇಳುವವರು ಬೇಗ ಹೇಳಬೇಕು. ತುರ್ತು ಯೋಜನೆ ಇರುವುದು ಸ್ಥಾವರದ ಸುತ್ತ 16 ಕಿಲೋಮೀಟರಿಗೆ. ಅದರಾಚೆ ಹಾಲು ಯಾರು ಪರೀಕ್ಷಿಸುತ್ತಾರೆ, ಫಲಿತಾಂಶ ಎಷ್ಟು ಗಂಟೆಯೊಳಗೆ ಸಿಗುತ್ತದೆ, ಕನ್ನಡದಲ್ಲಿ ಸಿಗುತ್ತದೆಯೇ ಎಂದು ನಿಮ್ಮ ಶಾಸಕರನ್ನು ಕೇಳಿ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪರಿಸರದ ವಿಕಿರಣ ಅಳೆಯುವ ಸುಸಜ್ಜಿತ ಕೇಂದ್ರವೇ ಇದೆ. ಅಳೆಯುವ ಜ್ಞಾನಕ್ಕೆ ನಮ್ಮಲ್ಲಿ ಬರವಿಲ್ಲ.

ಅಯೋಡಿನ್ ಮಾತ್ರೆ ಉಡುಪಿಯಲ್ಲಿ ಕಪಾಟಿನಲ್ಲಿಡುವ ಅಗತ್ಯ ನನಗೆ ಕಾಣುವುದಿಲ್ಲ. ಅದು ಕೆಲಸ ಮಾಡುವುದು ವಿಕಿರಣಶೀಲ ಅಯೋಡಿನ್ ಬರುವ ತುಸು ಮೊದಲು ಅಥವಾ ಬಂದ ಕೆಲವೇ ಗಂಟೆಗಳೊಳಗೆ ನುಂಗಿದರೆ. ಸೀಸಿಯಂ ಮುಂತಾದವುಗಳನ್ನು ಅದು ತಡೆಯುವುದಿಲ್ಲ. ನಲವತ್ತು ದಾಟಿದ ನಮ್ಮಂಥವರಿಗೆ ಪ್ರಯೋಜನ ಅತ್ಯಲ್ಪ, ಥೈರಾಯ್ಡ್ ತೊಂದರೆ ಇರುವವರಿಗೆ ಅಪಾಯವೂ ಇದೆ. ಸುದ್ದಿ ಕೇಳಿದ ಕೂಡಲೇ ಗಾಬರಿಯಿಂದ ನುಂಗಿದರೆ ಮಾತ್ರೆ ವ್ಯರ್ಥ. ಅಯೋಡಿನ್ ಉಪ್ಪು ತಿಂದರೂ ಆಗುತ್ತದೆ ಎಂಬ ಗುಲ್ಲು 2011ರಲ್ಲಿ ಚೀನಾದ ಅಂಗಡಿಗಳನ್ನೇ ಖಾಲಿ ಮಾಡಿಸಿತು. ಒಂದು ಮಾತ್ರೆಯಷ್ಟು ಅಯೋಡಿನ್ ಬೇಕೆಂದರೆ ಕಿಲೋಗಟ್ಟಲೆ ಉಪ್ಪು ತಿನ್ನಬೇಕು. ವಿಕಿರಣಕ್ಕಿಂತ ಮೊದಲು ಉಪ್ಪೇ ಕೊಂದೀತು.

ಕೊನೆಯದು ಮೀನು. ಜಪಾನ್ 2023ರ ಆಗಸ್ಟ್‌ನಿಂದ ಬಿಡುತ್ತಿರುವ ಶುದ್ಧೀಕರಿಸಿದ ನೀರಿನಲ್ಲಿ ಮುಖ್ಯವಾಗಿ ಉಳಿದಿರುವುದು ಟ್ರಿಟಿಯಂ. ಅದನ್ನು ಲೀಟರಿಗೆ 1,500 ಬೆಕೆರೆಲ್‌ಗಿಂತ ಕೆಳಗೆ ತೆಳುವಾಗಿಸಿ ಬಿಡುತ್ತಾರೆ. ಕುಡಿಯುವ ನೀರಿಗೇ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಟ್ಟ 10,000. ಅದೂ ಬೀಳುತ್ತಿರುವುದು ಪೆಸಿಫಿಕ್ ಸಾಗರಕ್ಕೆ. ಮಲ್ಪೆಯ ಬಂಗುಡೆ, ಬೂತಾಯಿಗಳಿಗೂ ಅದಕ್ಕೂ ಸಂಬಂಧವಿಲ್ಲ. ಸಮುದ್ರದ ಮೀನಿನಲ್ಲಿ, ಅದರಲ್ಲೂ ಮರುವಾಯಿಯಂಥ ಚಿಪ್ಪುಜೀವಿಗಳಲ್ಲಿ, ಪೊಲೋನಿಯಂ-210 ಎಂಬ ನೈಸರ್ಗಿಕ ವಿಕಿರಣಶೀಲ ವಸ್ತು ಮನುಷ್ಯ ಹುಟ್ಟುವುದಕ್ಕೂ ಮೊದಲಿನಿಂದ ಇದೆ. ಮರುವಾಯಿ ಪುಂಡಿ ತಿಂದವರಿಗೆ ಸಿಕ್ಕುವ ವಿಕಿರಣ ಫುಕುಶಿಮಾದ ನೀರಿನಿಂದ ಸಿಕ್ಕುವುದಕ್ಕಿಂತ ಖಂಡಿತ ಹೆಚ್ಚು, ಅದರಿಂದಲೂ ಏನೂ ಆಗುವುದಿಲ್ಲ. ಹುಡುಗನ ಮನೆಯವರು ಮಾತುಕತೆಗೆ ಬರುವ ದಿನ ಮೀನಡುಗೆ ಮಾಡಬಹುದೇ ಬೇಡವೇ ಎಂಬುದನ್ನು ಮಾತ್ರ ನನ್ನನ್ನು ಕೇಳಬೇಡಿ, ಅದು ನಿಮ್ಮ ನಾದಿನಿಯವರ ಖಾತೆ.